ಅಪಾರ್ಟ್‌ಮೆಂಟ್ ಜಾಹೀರಾತಿನಲ್ಲೂ ಅವಾಂತ್ ಗಾರ್ಡ್! ಇದು ನಿಜವಾಗಿ ನಮ್ಮೂರಿಗೆ ಬಂದಿತ್ತಾ?

ಹೊಸಕೆರೆಹಳ್ಳಿ ಹುಡುಗಿ

ವೈಟ್‌ಫೀಲ್ಡ್ ಕಡೆ ಹೋಗುವಾಗ ಒಂದು ಹೋರ್ಡಿಂಗ್ ಕಂಡಿತು. ಮೂರು ಬೆಡ್‌ರೂಮ್, ಈಜುಕೊಳ, ಕ್ಲಬ್‌ಹೌಸ್, ಮೇಲೆ ದೊಡ್ಡದಾಗಿ ‘ಅವಾಂತ್ ಗಾರ್ಡ್ ಬದುಕು’. ಅದೇ ವಾರ ಒಂದು ಸೀರೆ ಅಂಗಡಿಯ ಇನ್‌ಸ್ಟಾಗ್ರಾಮ್ ಪುಟದಲ್ಲೂ, ಒಂದು ಸಲೂನ್ ಬೋರ್ಡಿನಲ್ಲೂ ಅದನ್ನೇ ನೋಡಿದೆ. ರೂಢಿ ಮುರಿಯುವ ಹೊಸ ಕಲೆಗೆ ಇಟ್ಟ ಫ್ರೆಂಚ್ ಹೆಸರಂತೆ ಅದು, ಇಲ್ಲಿ ಎಲ್ಲರೂ ‘ಸ್ವಲ್ಪ ದುಬಾರಿ’ ಅನ್ನುವ ಅರ್ಥದಲ್ಲಿ ಬಳಸುತ್ತಿದ್ದಾರೆ ಅನಿಸಿತು.

ನಾನು ಕಲೆ ಓದಿದವಳಲ್ಲ. ಬ್ಯಾಂಕಿನಲ್ಲಿ ಕೆಲಸ. ಪ್ಯಾಲೇಸ್ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆಯಲ್ಲ, ಅಲ್ಲಿಗೆ ಆಗಾಗ ಹೋಗುತ್ತೇನೆ. ನಿಜ ಹೇಳಬೇಕೆಂದರೆ ಅರ್ಧ ಅಲ್ಲಿನ ಮರಗಳಿಗಾಗಿ. ಚಿತ್ರದ ಪಕ್ಕದಲ್ಲಿ ಅಂಟಿಸಿದ ಚೀಟಿ ಓದುತ್ತೇನೆ, ತಲೆಗೆ ಹತ್ತುವುದಿಲ್ಲ.

ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ. ನೂರು ವರ್ಷದ ಹಿಂದೆ ಯುರೋಪಿನಲ್ಲಿ ಇದಕ್ಕೆ ಅಷ್ಟೊಂದು ಗಲಾಟೆ ಯಾಕೆ ಆಯಿತು? ಈಗ ಯಾವ ಚಿತ್ರ ನೋಡಿದರೂ ಯಾರೂ ಸಿಟ್ಟಾಗುವುದಿಲ್ಲ. ಹಾಗಾದರೆ ಅದು ಮುಗಿದ ಕಥೆಯಾ? ಬೆಂಗಳೂರಿನಲ್ಲಿ ಅದರ ಗುರುತು ಎಲ್ಲಾದರೂ ಇದೆಯಾ? ಪಠ್ಯಪುಸ್ತಕದ ಉತ್ತರ ಬೇಡ, ಗೂಗಲ್ ಮಾಡುವುದು ನನಗೂ ಬರುತ್ತದೆ :)

ಡ್ರಾಯಿಂಗ್ ಮೇಷ್ಟ್ರು

ಒಳ್ಳೆಯ ಪ್ರಶ್ನೆ ಕಣಮ್ಮ. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದವನು ನಾನು. ಮಕ್ಕಳಿಗೆ ಹೇಳುತ್ತಿದ್ದ ರೀತಿಯಲ್ಲೇ ಹೇಳುತ್ತೇನೆ. ಮೊದಲು ಚಿತ್ರ ನೋಡಬೇಡಿ. ಅದನ್ನು ನೋಡಿ ಯಾರಿಗೆ ಸಿಟ್ಟು ಬಂತು ಅಂತ ನೋಡಿ.

1863ರ ಪ್ಯಾರಿಸ್. ಆಗ ಸರ್ಕಾರ ನಡೆಸುವ ‘ಸಲೋನ್’ ಅನ್ನುವ ಪ್ರದರ್ಶನವೇ ಕಲಾವಿದನ ಅನ್ನದ ದಾರಿ. ಅಲ್ಲಿ ಗೋಡೆ ಸಿಗದಿದ್ದರೆ ಗಿರಾಕಿ ಇಲ್ಲ. ಆ ವರ್ಷ ತೀರ್ಪುಗಾರರು ರಾಶಿ ರಾಶಿ ಚಿತ್ರಗಳನ್ನು ವಾಪಸ್ ಕಳಿಸಿದರು. ದೂರು ಚಕ್ರವರ್ತಿ ಮೂರನೇ ನೆಪೋಲಿಯನ್ ತನಕ ಹೋಯಿತು. ಆತ, ಸರಿ, ತಿರಸ್ಕರಿಸಿದ್ದನ್ನೂ ತೂಗುಹಾಕಿ, ಜನರೇ ನೋಡಿ ಹೇಳಲಿ ಅಂದ. ಜನ ಬಂದರು. ನಕ್ಕರು. ಜಾಸ್ತಿ ನಕ್ಕಿದ್ದು ಎದುವಾರ್ ಮಾನೆಯ ಒಂದು ಚಿತ್ರದ ಮುಂದೆ. ಬಟ್ಟೆ ತೊಟ್ಟ ಇಬ್ಬರು ಗಂಡಸರ ನಡುವೆ ಬೆತ್ತಲೆ ಹೆಂಗಸೊಬ್ಬಳು ಹುಲ್ಲಿನ ಮೇಲೆ ಕೂತು ನೇರ ನಮ್ಮನ್ನೇ ನೋಡುತ್ತಿದ್ದಾಳೆ.

ಬೆತ್ತಲೆಯೇ ತೊಂದರೆ ಅಂದುಕೊಳ್ಳಬೇಡಿ. ಅದೇ ವರ್ಷ ಅಧಿಕೃತ ಸಲೋನ್‌ನಲ್ಲಿ ಕಬನೆಲ್ ಬರೆದ ವೀನಸ್ ಇತ್ತು, ಅದೂ ಪೂರ್ತಿ ಬೆತ್ತಲೆ. ಚಕ್ರವರ್ತಿ ಅದನ್ನು ದುಡ್ಡು ಕೊಟ್ಟು ಕೊಂಡ. ದೇವತೆ ಬೆತ್ತಲಾದರೆ ತೊಂದರೆ ಇಲ್ಲ, ಪ್ಯಾರಿಸ್ಸಿನ ಯಾವುದೋ ಹೆಂಗಸು ಬೆತ್ತಲಾಗಿ ನೋಡುಗನನ್ನೇ ದಿಟ್ಟಿಸಿದರೆ ತೊಂದರೆ. ಮಾನೆ ಮುಟ್ಟಿದ್ದು ಆ ಸೋಗನ್ನು.

ಅಲ್ಲಿಂದ ಮುಂದಿನ ಅರವತ್ತು ವರ್ಷ ಇದೇ ಕಥೆ. 1874ರಲ್ಲಿ ಮೊನೆ, ರೆನ್ವಾರ್, ದೆಗಾ ಮುಂತಾದವರು ಸಲೋನ್ ಸಹವಾಸವೇ ಬೇಡ ಅಂತ ನಾದಾರ್ ಎಂಬ ಛಾಯಾಗ್ರಾಹಕನ ಸ್ಟುಡಿಯೋದಲ್ಲಿ ತಾವೇ ಪ್ರದರ್ಶನ ಇಟ್ಟರು. 1915ರಲ್ಲಿ ಪೆತ್ರೊಗ್ರಾದ್‌ನಲ್ಲಿ ಮಾಲೆವಿಚ್ ಒಂದು ಕಪ್ಪು ಚೌಕ ಬರೆದು ತೂಗುಹಾಕಿದ. ಎಲ್ಲಿ ತೂಗುಹಾಕಿದ ಅನ್ನುವುದೇ ಮುಖ್ಯ. ಕೋಣೆಯ ಮೂಲೆಯಲ್ಲಿ, ಸೂರಿಗೆ ಹತ್ತಿರ. ರಷ್ಯಾದ ಮನೆಗಳಲ್ಲಿ ಅದು ದೇವರ ಪಟ ಇಡುವ ಜಾಗ. ನಮ್ಮಲ್ಲಿ ಯಾರಾದರೂ ದೇವರ ಮನೆಯಿಂದ ಪಟಗಳನ್ನೆಲ್ಲ ತೆಗೆದು ಒಂದು ಕಪ್ಪು ರಟ್ಟು ಇಟ್ಟಹಾಗೆ. ಬರೀ ಚೌಕ ನೋಡಿದರೆ ಏನೂ ತಿಳಿಯುವುದಿಲ್ಲ. ಜಾಗ ಗೊತ್ತಾದರೆ ಬೆಚ್ಚಿಬೀಳುತ್ತೀರಿ.

ಸಂತೆ ಚಿತ್ರಗಾರ

ಮೇಷ್ಟ್ರೇ, ನಮಸ್ಕಾರ. ನಾನು ಪ್ರತಿ ಜನವರಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ಕೂರುವವನು. ಎಮ್ಮೆ, ಹಂಪಿ ರಥ, ಮಳೆಯಲ್ಲಿ ಕೆ.ಆರ್. ಮಾರ್ಕೆಟ್. ಜನ ಬರುತ್ತಾರೆ, ಚೌಕಾಸಿ ಮಾಡುತ್ತಾರೆ, ತಗೊಂಡು ಹೋಗಿ ಹಾಲ್‌ನಲ್ಲಿ ಹಾಕಿಕೊಳ್ಳುತ್ತಾರೆ. ಇದರಿಂದಲೇ ಮಗಳ ಕಾಲೇಜು ಫೀಸು ಕಟ್ಟಿದ್ದೇನೆ.

ಈ ಅವಾಂತ್ ಗಾರ್ಡ್ ಕಥೆ ಬಂದಾಗಲೆಲ್ಲ ನಮ್ಮಂಥವರಿಗೆ ಒಂದು ಏಟು ಇದ್ದೇ ಇರುತ್ತದೆ. ನೀವು ಬರೆಯುವುದು ‘ಅಲಂಕಾರ’, ಅವರದ್ದು ‘ಕಲೆ’ ಅಂತ. ಎಮ್ಮೆಯ ಮೈಮೇಲೆ ಒದ್ದೆ ಹೊಳಪು ತರಲು ಎಷ್ಟು ಕೈ ಪಳಗಬೇಕು ಗೊತ್ತಾ? ಅಮೆರಿಕದಲ್ಲಿ ಒಬ್ಬ ಅಂಗಡಿಯಿಂದ ಉಚ್ಚೆ ಹೊಯ್ಯುವ ಬೋಗುಣಿ ತಂದಿಟ್ಟು ಇದೇ ಕಲೆ ಅಂದನಂತೆ. ಅದಕ್ಕೆ ಮ್ಯೂಸಿಯಂ, ನಮಗೆ ಫುಟ್‌ಪಾತು.

ಕುಂದಾಪ್ರ ಮಾಣಿ

ಬೋಗುಣಿ ಹಳೇದಾಯ್ತು ಮಾರಾಯ್ರೆ. ಬಾಳೆಹಣ್ಣು ಮರೆತ್ರಾ? 2019ರಲ್ಲಿ ಮಯಾಮಿಯ ಕಲಾಮೇಳದಲ್ಲಿ ಮೌರಿಜಿಯೊ ಕತೆಲಾನ್ ಒಂದು ಬಾಳೆಹಣ್ಣನ್ನು ಟೇಪಿನಿಂದ ಗೋಡೆಗೆ ಅಂಟಿಸಿದ. 1,20,000 ಡಾಲರಿಗೆ ಹೋಯಿತು. 2024ರಲ್ಲಿ ಅದರ ಇನ್ನೊಂದು ಪ್ರತಿ ನ್ಯೂಯಾರ್ಕ್ ಹರಾಜಿನಲ್ಲಿ 62 ಲಕ್ಷ ಡಾಲರ್! ಕೊಂಡವನು ಕ್ರಿಪ್ಟೊ ವ್ಯಾಪಾರಿ. ಪತ್ರಕರ್ತರನ್ನು ಕರೆದು ಎಲ್ಲರ ಮುಂದೆ ಹಣ್ಣು ಸುಲಿದು ತಿಂದ.

ನಮ್ಮನೆಯಲ್ಲಿ ಬಾಳೆಹಣ್ಣು ಗೋಡೆಗೆ ಅಂಟಿಸಿದರೆ ಅಜ್ಜಿ ಮೊದಲು ಟೇಪಿನ ದುಡ್ಡು ಕೇಳ್ತಾಳೆ.

ಎಂಟನೇ ಮೇನ್

ಮಾಣಿ ತಮಾಷೆಗೆ ಹೇಳಿದ್ದಾರೆ, ಆದರೆ ವಿಷಯ ಅಲ್ಲೇ ಇದೆ. ಹುಡುಗಿಯವರ ಎರಡನೇ ಪ್ರಶ್ನೆಗೆ ನನ್ನ ಉತ್ತರ: ಹೌದು, ಮುಗಿದ ಕಥೆ.

ಆ ಬೋಗುಣಿಯ ಪಯಣವನ್ನೇ ನೋಡಿ. 1917, ನ್ಯೂಯಾರ್ಕ್. ಸ್ವತಂತ್ರ ಕಲಾವಿದರ ಒಂದು ಸಂಘ. ಆರು ಡಾಲರ್ ಕಟ್ಟಿದರೆ ಯಾರು ಬೇಕಾದರೂ ಏನು ಬೇಕಾದರೂ ಇಡಬಹುದು, ತೀರ್ಪುಗಾರರೇ ಇಲ್ಲ ಅಂತ ಅವರ ಹೆಮ್ಮೆ. ಮಾರ್ಸೆಲ್ ದ್ಯುಶಾಂಪ್ ಆ ಸಂಘದ ಮಂಡಳಿಯಲ್ಲಿದ್ದವನು. ‘ಆರ್. ಮಟ್’ ಅನ್ನುವ ಸುಳ್ಳು ಹೆಸರಿನಲ್ಲಿ ಬೋಗುಣಿ ಕಳಿಸಿದ. ಏನು ಬೇಕಾದರೂ ಇಡಬಹುದು ಅಂದವರೇ ಅದನ್ನು ಇಡಲಿಲ್ಲ. ಇವನು ರಾಜೀನಾಮೆ ಕೊಟ್ಟ. ಮೂಲ ಬೋಗುಣಿ ಕಳೆದೇ ಹೋಯಿತು, ಛಾಯಾಗ್ರಾಹಕ ಸ್ಟೀಗ್ಲಿಟ್ಜ್ ತೆಗೆದ ಫೋಟೋ ಮಾತ್ರ ಉಳಿಯಿತು. ಇಲ್ಲಿಯ ತನಕ ನನಗೂ ಇಷ್ಟವೇ. ಉದಾರಿಗಳು ಅಂತ ಹೇಳಿಕೊಳ್ಳುವವರ ಬಣ್ಣ ಬಯಲು ಮಾಡಿದ.

ಆಮೇಲೆ? 1964ರಲ್ಲಿ ಅವನ ಒಪ್ಪಿಗೆಯಿಂದಲೇ ಎಂಟು ಪ್ರತಿ ಮಾಡಿಸಿದರು. 1999ರಲ್ಲಿ ಅದರಲ್ಲಿ ಒಂದು 17 ಲಕ್ಷ ಡಾಲರಿಗೂ ಮೇಲೆ ಮಾರಾಟವಾಯಿತು. ಮಾರುಕಟ್ಟೆಯನ್ನು ಗೇಲಿ ಮಾಡಲು ಹುಟ್ಟಿದ ವಸ್ತು ಮಾರುಕಟ್ಟೆಯ ಮುದ್ದಿನ ಮಗು. ಪೀಟರ್ ಬ್ಯೂರ್ಗರ್ ಅಂತ ಜರ್ಮನ್ ಚಿಂತಕ 1974ರಲ್ಲೇ ಇದನ್ನು ಹೇಳಿದ್ದ. ಮೊದಲ ತಲೆಮಾರು ಕಲೆಯ ವ್ಯವಸ್ಥೆಯನ್ನೇ ಒಡೆಯಲು ಹೊರಟಿತು, ಬದುಕಿನೊಳಗೆ ಕಲೆಯನ್ನು ಕರಗಿಸಲು ನೋಡಿತು. ಸೋತಿತು. ಎರಡನೇ ತಲೆಮಾರು ಅದೇ ಆಟವನ್ನು ವ್ಯವಸ್ಥೆಯ ಒಳಗೇ ಕೂತು ಆಡಿತು. ಬಂಡಾಯವೇ ಒಂದು ಶೈಲಿಯಾಯಿತು. ಶೈಲಿ ಆದಮೇಲೆ ಅಪಾರ್ಟ್‌ಮೆಂಟ್ ಮಾರುವವನು ಬಳಸದೇ ಇರುತ್ತಾನಾ?

ಡ್ರಾಯಿಂಗ್ ಮೇಷ್ಟ್ರು

ಎಂಟನೇ ಮೇನ್ ಅವರ ಮಾತಿನಲ್ಲಿ ಹುರುಳಿದೆ. ಆದರೆ ಗ್ಯಾಲರಿಯಲ್ಲಿ ಸೋತಿದ್ದು ಬೇರೆ ಕಡೆ ಗೆದ್ದಿರಬಹುದು. ಅದನ್ನು ಹರಾಜಿನ ಬೆಲೆಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ಚಿತ್ರಗಾರರೇ, ನಿಮ್ಮ ಸಿಟ್ಟು ನ್ಯಾಯವಾದದ್ದು. ಕೈಕೆಲಸ ಬಾರದವರು ಬೋಗುಣಿಯ ಹಿಂದೆ ಅಡಗಿಕೊಂಡಿದ್ದನ್ನು ನಾನೂ ಬೇಕಾದಷ್ಟು ನೋಡಿದ್ದೇನೆ. ಆದರೆ ಪಿಕಾಸೊನ ಹುಡುಗುಪ್ರಾಯದ ಚಿತ್ರಗಳನ್ನು ಒಮ್ಮೆ ನೋಡಿ. ನಿಮ್ಮಷ್ಟೇ ಕೈ ಪಳಗಿತ್ತು. ಬಾರದ್ದಕ್ಕೆ ಬಿಟ್ಟವನಲ್ಲ ಅವನು.

ಗಾರೆ ಕೆಲಸ

‘ಬೇರೆ ಕಡೆ ಗೆದ್ದಿರಬಹುದು’ ಅಂದರಲ್ಲ ಮೇಷ್ಟ್ರು, ಅದಕ್ಕೆ ಎರಡು ಮಾತು. ನಾನು ಕಟ್ಟಡದ ನಕ್ಷೆ ಮಾಡುವವನು.

ಬೆಂಗಳೂರಿಗೆ ಯುರೋಪಿನ ಈ ಹೊಸಗಾಳಿ ಚಿತ್ರಕ್ಕಿಂತ ಜಾಸ್ತಿ ಸಿಮೆಂಟಿನಲ್ಲಿ ಬಂತು. ಮೊದಲ ದಾರಿ, ದೇಶ ಬಿಟ್ಟು ಓಡಿಬಂದ ಒಬ್ಬ ಮನುಷ್ಯ. ಓಟೊ ಕೋನಿಗ್ಸ್‌ಬರ್ಗರ್, 1908ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದವರು. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಬ್ರೂನೊ ಟೌಟ್ ಮುಂತಾದವರ ಬಳಿ ಕಲಿತರು. ಟೌಟ್ ಅಂದರೆ 1914ರಲ್ಲಿ ಕಲೋನ್ ನಗರದಲ್ಲಿ ಪೂರ್ತಿ ಬಣ್ಣದ ಗಾಜಿನ ಮಂಟಪ ಕಟ್ಟಿದ ಆಸಾಮಿ, ಆ ಕಾಲದ ಅಪ್ಪಟ ಅವಾಂತ್ ಗಾರ್ಡ್. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದಾಗ ಯೆಹೂದಿಯಾದ ಕೋನಿಗ್ಸ್‌ಬರ್ಗರ್ ಕೆಲಸ ಹೋಯಿತು. ಈಜಿಪ್ಟ್ ಸುತ್ತಿ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಇಲ್ಲಿಗೆ ಬಂದರು. ನಮ್ಮ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಐಐಎಸ್‌ಸಿ ಆವರಣದಲ್ಲಿ ಅವರ ಕಟ್ಟಡಗಳಿವೆ. ಹೋಗಿ ನೋಡಿದರೆ ಏನು ಮಹಾ ಅನಿಸಬಹುದು. ಗೋಪುರ ಇಲ್ಲ, ಕಮಾನು ಇಲ್ಲ. ಸರಳ ಗೆರೆ, ಬಿಸಿಲಿಗೆ ತಕ್ಕ ನೆರಳು, ಗಾಳಿಗೆ ದಾರಿ. ಅಂಬಾವಿಲಾಸ ಅರಮನೆಯ ಸಂಸ್ಥಾನದಲ್ಲಿ ಆ ಬೋಳು ಗೋಡೆಯೇ ಒಂದು ವಾದ ಆಗಿತ್ತು.

ಎರಡನೇ ದಾರಿ ಕ್ಯೂಬಿಸಂನಿಂದ, ಅಂದರೆ ವಸ್ತುವನ್ನು ಒಡೆದು ಹಲವು ಕೋನಗಳಿಂದ ಒಟ್ಟಿಗೆ ತೋರಿಸುವ ಚಿತ್ರಶೈಲಿಯಿಂದ. ಪಿಕಾಸೊ, ಬ್ರಾಕ್ ಚಿತ್ರಗಳನ್ನು ನೋಡಿ, ಅದರ ಗೊಂದಲ ಕಳೆದು ಶುದ್ಧ ಆಕಾರ ಉಳಿಸಬೇಕು ಅಂತ ಇಬ್ಬರು ಹೊರಟರು. ಒಬ್ಬ ಓಜನ್‌ಫಾಂ, ಇನ್ನೊಬ್ಬ ಲೆ ಕಾರ್ಬುಸಿಯೆ. ಚಂಡೀಗಢ ಕಟ್ಟಿದ ಅದೇ ಕಾರ್ಬುಸಿಯೆ ಮೊದಲು ಚಿತ್ರ ಬರೆಯುತ್ತಿದ್ದವನು. ಅವನ ಪ್ಯಾರಿಸ್ ಕಚೇರಿಯಲ್ಲಿ ಪಳಗಿದವರು ಬಿ.ವಿ. ದೋಷಿ. ದೋಷಿ ಕಟ್ಟಿದ್ದು ಬನ್ನೇರುಘಟ್ಟ ರಸ್ತೆಯ ಐಐಎಂ. ಅಲ್ಲಿ ಬರೀ ಕಾರ್ಬುಸಿಯೆ ಇಲ್ಲ, ಫತೇಪುರ್ ಸಿಕ್ರಿಯೂ ಇದೆ, ಕಲ್ಲಿನ ಗೋಡೆಗೆ ಬಳ್ಳಿ ಹಬ್ಬಿದೆ. ಹಾಗಾಗಿಯೇ ಅದು ನಕಲು ಅನಿಸುವುದಿಲ್ಲ.

ಮತ್ತೆ ವೈಟ್‌ಫೀಲ್ಡ್ ಗಾಜಿನ ಡಬ್ಬಗಳು? ಅವೂ ಅದೇ ವಂಶ. ಪ್ರತಿ ವಂಶದಲ್ಲೂ ಅಂಥವರು ಇರುತ್ತಾರೆ. ಪಶ್ಚಿಮಕ್ಕೆ ಗಾಜು, ಒಳಗೆ ಏಸಿ. ಕೋನಿಗ್ಸ್‌ಬರ್ಗರ್ ನೋಡಿದ್ದರೆ ಬೈಯುತ್ತಿದ್ದರು.

ಅಚ್ಚುಮೊಳೆ

ನನ್ನದು ಗ್ರಾಫಿಕ್ ಡಿಸೈನ್ ಕೆಲಸ. ಆ ಹೋರ್ಡಿಂಗ್ ಬಗ್ಗೆ ಒಂದು ವಿಷಯ. ಅದರ ವಿನ್ಯಾಸ ಹೇಗಿತ್ತು? ಓರೆಯಾಗಿ ಹೋಗುವ ಕೆಂಪು ಪಟ್ಟಿ, ದಪ್ಪ ಅಕ್ಷರ, ಕತ್ತರಿಸಿ ಅಂಟಿಸಿದಂಥ ಫೋಟೋ ಇದ್ದರೆ ಅದು 1920ರ ದಶಕದ ಸೋವಿಯತ್ ಪೋಸ್ಟರಿನ ಮೊಮ್ಮಗು. ರೊಡ್ಚೆಂಕೊ, ಲಿಸಿಟ್ಸ್ಕಿ ಮುಂತಾದವರು ಆ ಭಾಷೆ ಕಟ್ಟಿದ್ದು ಕ್ರಾಂತಿಗಾಗಿ. ಚಿತ್ರ ಗೋಡೆಯಲ್ಲಿ ತೂಗಬಾರದು, ಕಾರ್ಖಾನೆಗೆ, ಬೀದಿಗೆ, ಪುಸ್ತಕದ ಮುಖಪುಟಕ್ಕೆ ಇಳಿಯಬೇಕು ಅಂದರು. ಇಳಿಯಿತು. ಈಗ ಫ್ಲಾಟ್ ಮಾರುತ್ತಿದೆ.

ಇನ್ನೊಂದು ಮೊಮ್ಮಗು ನಿಮ್ಮ ಫೋನಿನಲ್ಲೇ ಇದೆ. ಬರ್ಲಿನ್‌ನ ದಾದಾ ಗುಂಪಿನಲ್ಲಿ, ಅಂದರೆ ಯುದ್ಧಕ್ಕೆ ರೋಸಿ ಕಲೆಯ ನಿಯಮಗಳನ್ನೇ ಗೇಲಿ ಮಾಡಿದವರ ಗುಂಪಿನಲ್ಲಿ, ಹಾನಾ ಹೋಖ್ ಅಂತ ಇದ್ದರು. ಮೊದಲ ಮಹಾಯುದ್ಧ ಮುಗಿದ ಹೊಸತರಲ್ಲಿ ಪತ್ರಿಕೆಯ ಫೋಟೋ ಕತ್ತರಿಸಿ, ಸೇನಾಪತಿಯ ತಲೆಯನ್ನು ಕುಣಿಯುವವಳ ಮೈಗೆ ಅಂಟಿಸುತ್ತಿದ್ದರು. ಜಾನ್ ಹಾರ್ಟ್‌ಫೀಲ್ಡ್ ಅದೇ ಕತ್ತರಿಯನ್ನು ಹಿಟ್ಲರ್ ಮೇಲೆ ಬಳಸಿದರು. ಈಗ ಚುನಾವಣೆ ಬಂದಾಗ ವಾಟ್ಸಾಪ್‌ನಲ್ಲಿ ಬರುವ ಮೀಮ್ ನೋಡಿ. ರಾಜಕಾರಣಿಯ ತಲೆ, ಸಿನಿಮಾ ಹೀರೋ ಮೈ. ಮಾಡಿದ ಹುಡುಗನಿಗೆ ಹೋಖ್ ಹೆಸರು ಗೊತ್ತಿರಬೇಕಾಗಿಲ್ಲ. ಪ್ರಭಾವ ಅಂದರೆ ಹೀಗೇ ಅಲ್ವಾ, ಹೆಸರು ಮರೆತುಹೋಗುತ್ತದೆ, ಕೈಚಳಕ ಉಳಿಯುತ್ತದೆ.

ಆ ಗುಂಪಿನ ಗಂಡಸರು ಸ್ತ್ರೀ ಸಮಾನತೆಯ ಬಗ್ಗೆ ಜೋರಾಗಿ ಮಾತಾಡುತ್ತಿದ್ದರು, ಹೋಖ್ ಅವರನ್ನು ಮಾತ್ರ ಪ್ರದರ್ಶನದಿಂದ ದೂರ ಇಡಲು ನೋಡಿದರು. ಸುಮ್ನೆ ಹೇಳಿದೆ.

ರಂಗದ ಹಿಂದೆ

ಎಲ್ಲರೂ ಚಿತ್ರ, ಕಟ್ಟಡ ಅಂತಿದ್ದೀರಿ. ಅತಿ ದೊಡ್ಡ ಗಲಾಟೆ ಆಗಿದ್ದು ರಂಗಮಂದಿರದಲ್ಲಿ. ಅದರ ಎಳೆಯೊಂದು ನೇರ ಕನಕಪುರ ರಸ್ತೆಗೆ ಬರುತ್ತದೆ.

29 ಮೇ 1913, ಪ್ಯಾರಿಸ್. ಸ್ಟ್ರಾವಿನ್‌ಸ್ಕಿಯ ಸಂಗೀತ, ನಿಜಿನ್‌ಸ್ಕಿಯ ನೃತ್ಯ ಸಂಯೋಜನೆ. ವಸಂತದ ಪೂಜೆಗೆ ಒಬ್ಬ ಹುಡುಗಿ ಕುಣಿದು ಕುಣಿದು ಸಾಯುವ ಕಥೆ. ಪಾದ ಒಳಕ್ಕೆ ತಿರುಗಿಸಿ, ನೆಲಕ್ಕೆ ಧಡಧಡ ಬಡಿಯುವ ಹೆಜ್ಜೆ. ಬ್ಯಾಲೆ ಅಂದರೆ ತೇಲಾಡುವುದು ಅಂದುಕೊಂಡು ಬಂದಿದ್ದ ಪ್ರೇಕ್ಷಕರು ಕೂಗಾಡಿದರು. ವಾದ್ಯದ ಸದ್ದೇ ಕೇಳದ ಹಾಗಾಯಿತು. ನಿಜಿನ್‌ಸ್ಕಿ ರಂಗದ ಬದಿಯಲ್ಲಿ ಕುರ್ಚಿ ಹತ್ತಿ ನಿಂತು ನೃತ್ಯಗಾರರಿಗೆ ತಾಳದ ಎಣಿಕೆ ಕೂಗಿ ಹೇಳಿದ.

ಆ ಪ್ರಯೋಗದ ರಂಗಸಜ್ಜಿಕೆ, ವೇಷಭೂಷಣ ಯಾರದ್ದು? ನಿಕೊಲಾಸ್ ರೋರಿಕ್ ಅವರದ್ದು. ಕಥೆ ಕಟ್ಟುವುದರಲ್ಲೂ ಅವರ ಪಾಲಿತ್ತು. ಅವರ ಮಗನೇ ನಮ್ಮ ತಾತಗುಣಿ ಎಸ್ಟೇಟಿನ ಸ್ವೆತೊಸ್ಲಾವ್ ರೋರಿಕ್, ದೇವಿಕಾರಾಣಿಯ ಗಂಡ. 1993ರಲ್ಲಿ ತೀರಿಕೊಳ್ಳುವ ತನಕ ಬೆಂಗಳೂರನ್ನೇ ಮನೆ ಮಾಡಿಕೊಂಡಿದ್ದವರು. ಚಿತ್ರಕಲಾ ಪರಿಷತ್ತಿನಲ್ಲಿ ಅಪ್ಪ, ಮಗ ಇಬ್ಬರ ಚಿತ್ರಗಳೂ ಇವೆ. ಎಷ್ಟು ಜನ ಅದರ ಮುಂದೆ ಹಾದುಹೋಗಿ ‘ಆಹಾ ಹಿಮಾಲಯ, ಎಷ್ಟು ಶಾಂತ’ ಅಂದಿರಬೇಡ! ಅಪ್ಪನ ಆ ಕೈಯೇ ಪ್ಯಾರಿಸ್ಸಿನ ಆ ರಾತ್ರಿಗೆ ಬಣ್ಣ ಹಚ್ಚಿದ್ದು.

ಮಗನ ಚಿತ್ರಗಳನ್ನು ಅವಾಂತ್ ಗಾರ್ಡ್ ಅಂತ ನಾನು ಕರೆಯುವುದಿಲ್ಲ. ಚೆಂದ ಇವೆ, ಅಷ್ಟೆ. ಬಂಡಾಯ ಮನೆತನದ ಆಸ್ತಿಯಲ್ಲ.

ಇಲ್ಲಿ ರಂಗಭೂಮಿಗೆ ಆ ಬಿಸಿ ತಟ್ಟಿದ್ದು ಎಪ್ಪತ್ತರ ದಶಕದಲ್ಲಿ. 1975ರಲ್ಲಿ ‘ಸಮುದಾಯ’ ನಾಟಕ ತಂಡ ಹುಟ್ಟಿತು. ತುರ್ತು ಪರಿಸ್ಥಿತಿಯ ವರ್ಷ ನೆನಪಿರಲಿ. ಆ ದಶಕ ಮುಗಿಯುವ ಮೊದಲು ಅವರು ಬೀದಿಗಿಳಿದರು. ಬಿಹಾರದ ಬೆಲ್ಚಿಯಲ್ಲಿ ನಡೆದ ದಲಿತರ ಹತ್ಯಾಕಾಂಡವನ್ನು ಬೀದಿನಾಟಕ ಮಾಡಿದರು. ಟಿಕೆಟ್ ಇಲ್ಲ, ಪರದೆ ಇಲ್ಲ, ಬೆಳಕಿಲ್ಲ. ಪ್ರೇಕ್ಷಕ ತರಕಾರಿ ಚೀಲ ಹಿಡಿದು ನಿಂತವನು. 1920ರ ದಶಕದ ಸೋವಿಯತ್ ‘ನೀಲಿ ಅಂಗಿ’ ತಂಡಗಳು ಕಾರ್ಖಾನೆಗಳಲ್ಲಿ ಮಾಡಿದ್ದೂ ಇಂಥದ್ದೇ. ಜೊತೆಗೆ ನಮಗೆ ಬಯಲಾಟ ಇತ್ತು, ಬಯಲಲ್ಲಿ ಆಡುವುದನ್ನು ರಷ್ಯಾದಿಂದ ಕಲಿಯಬೇಕಾಗಿರಲಿಲ್ಲ.

ಎಂಟನೇ ಮೇನ್

ಚೆನ್ನಾಗಿದೆ. ಆದರೆ ಎಲ್ಲರೂ ಹೂಹಾರ ಹಾಕುತ್ತಿದ್ದೀರಿ. ಇಟಲಿಯ ಫ್ಯೂಚರಿಸ್ಟರ ಕಥೆ ಯಾರೂ ಎತ್ತಲಿಲ್ಲ. 1909ರಲ್ಲಿ ಮರಿನೆಟ್ಟಿ ಪ್ಯಾರಿಸ್ ಪತ್ರಿಕೆಯ ಮುಖಪುಟದಲ್ಲಿ ಪ್ರಣಾಳಿಕೆ ಹಾಕಿದ. ವೇಗ ಬೇಕು, ಯಂತ್ರ ಬೇಕು, ಯುದ್ಧ ಬೇಕು, ಮ್ಯೂಸಿಯಂ, ಗ್ರಂಥಾಲಯ ಸುಡಬೇಕು ಅಂತ. ಹೆಂಗಸರ ಬಗ್ಗೆ ತಿರಸ್ಕಾರವನ್ನೂ ಬರೆದುಕೊಂಡಿದ್ದ. ಹತ್ತು ವರ್ಷದಲ್ಲಿ ಮುಸೊಲಿನಿ ಜೊತೆ ಸೇರಿದ. ಮೇಷ್ಟ್ರು ಹೇಳಿದ ‘ಯಾರಿಗೆ ಸಿಟ್ಟು ಬಂತು ನೋಡಿ’ ಅನ್ನುವ ಅಳತೆಯಲ್ಲಿ ಇವನೂ ಪಾಸ್. ಸಿಟ್ಟು ತರಿಸುವುದೇ ಗುಣವಾದರೆ ಟಿವಿ ಚರ್ಚೆಯವರೆಲ್ಲ ಅವಾಂತ್ ಗಾರ್ಡ್.

ಡ್ರಾಯಿಂಗ್ ಮೇಷ್ಟ್ರು

ಹಹ್ಹ. ಸರಿಯಾದ ಏಟು. ಅದಕ್ಕೇ ‘ಯಾರಿಗೆ’ ಅಂದೆ, ‘ಎಷ್ಟು’ ಅನ್ನಲಿಲ್ಲ.

ಮರಿನೆಟ್ಟಿಯ ಸಿಟ್ಟು ಕೊನೆಗೆ ಬಲಶಾಲಿಯ ಪಕ್ಕದಲ್ಲಿ ಹೋಗಿ ಕೂತಿತು. ಬಲಶಾಲಿಗಳು ಉಳಿದವರನ್ನು ಏನು ಮಾಡಿದರು ನೋಡಿ. ಸ್ಟಾಲಿನ್ ಸರ್ಕಾರ 1932ರಲ್ಲಿ ಕಲಾವಿದರ ಸ್ವತಂತ್ರ ಗುಂಪುಗಳನ್ನೆಲ್ಲ ಮುಚ್ಚಿಸಿತು. ಜರ್ಮನಿಯ ಬೌಹೌಸ್ ಕಲೆ, ವಿನ್ಯಾಸದ ಶಾಲೆ 1933ರಲ್ಲಿ ಬಾಗಿಲು ಹಾಕಿತು. 1937ರಲ್ಲಿ ನಾಜಿಗಳು ಮ್ಯೂನಿಕ್‌ನಲ್ಲಿ ‘ಕೆಟ್ಟುಹೋದ ಕಲೆ’ ಅಂತ ಪ್ರದರ್ಶನವನ್ನೇ ಇಟ್ಟರು. ಕ್ಲೀ, ಕಾಂಡಿನ್‌ಸ್ಕಿ, ಕಿರ್ಶ್ನರ್ ಹೀಗೆ 600ಕ್ಕೂ ಹೆಚ್ಚು ಕೃತಿಗಳು, ಸೊಟ್ಟಪಟ್ಟ ತೂಗುಹಾಕಿ, ಗೋಡೆಯ ಮೇಲೆ ಗೇಲಿ ಬರೆದು. 20 ಲಕ್ಷಕ್ಕೂ ಹೆಚ್ಚು ಜನ ಬಂದು ನೋಡಿದರು. 1863ರಲ್ಲಿ ಜನ ತಾವಾಗಿ ನಕ್ಕಿದ್ದರು. ಇಲ್ಲಿ ನಗಿಸಲು ಸರ್ಕಾರವೇ ಟಿಕೆಟ್ ಇಲ್ಲದ ಪ್ರದರ್ಶನ ಏರ್ಪಡಿಸಿತ್ತು.

ಶಾಂತಿನಗರ ಸಂಜೆ

ಕಲಾ ವಿದ್ಯಾರ್ಥಿ ಇಲ್ಲಿ. ಮೇಷ್ಟ್ರು ಹೇಳಿದ ಅದೇ ಕ್ಲೀ, ಕಾಂಡಿನ್‌ಸ್ಕಿ ಚಿತ್ರಗಳು ಅದಕ್ಕೆ 15 ವರ್ಷ ಮೊದಲೇ ಭಾರತಕ್ಕೆ ಬಂದಿದ್ದವು! 1922ರ ಡಿಸೆಂಬರ್, ಕಲ್ಕತ್ತ. ಬೌಹೌಸ್ ಕಲಾವಿದರ ಕೃತಿಗಳ ಜೊತೆಗೆ ಗಗನೇಂದ್ರನಾಥ ಟ್ಯಾಗೋರರ ಕ್ಯೂಬಿಸ್ಟ್ ರೀತಿಯ ಚಿತ್ರಗಳನ್ನೂ ಇಟ್ಟಿದ್ದರು. ಅಂದರೆ ನಾವು ಕೊನೆಯ ಬೆಂಚಿನವರಲ್ಲ.

ಬೆಂಗಳೂರಿನಲ್ಲಿ ಯಾರು ಅಂತ ಕೇಳಿದಿರಿ ಅಕ್ಕ. ನನ್ನ ಪಟ್ಟಿಯ ಮೇಲ್ತುದಿಯಲ್ಲಿ ಇಬ್ಬರು ಹೆಂಗಸರು.

ಶೀಲಾ ಗೌಡ, ಭದ್ರಾವತಿಯಲ್ಲಿ ಹುಟ್ಟಿದವರು. ಇಲ್ಲಿ ಆರ್.ಎಂ. ಹಡಪದ್ ಅವರ ಕೆನ್ ಕಲಾ ಶಾಲೆಯಲ್ಲಿ ಕಲಿತು, ಶಾಂತಿನಿಕೇತನ, ಲಂಡನ್ ನೋಡಿ ಬಂದರು. ಎಣ್ಣೆಬಣ್ಣದಲ್ಲಿ ಬರೆಯುತ್ತಿದ್ದರು. 1992ರಲ್ಲಿ ಬಾಬರಿ ಮಸೀದಿ ಉರುಳಿತು, ಗಲಭೆಗಳಾದವು. ಬಣ್ಣ ಸಾಲದು ಅನಿಸಿತೋ ಏನೋ, ಸಗಣಿ ಕೈಗೆತ್ತಿಕೊಂಡರು. ಯೋಚಿಸಿ, ಸಗಣಿಯಲ್ಲಿ ಎಷ್ಟು ಅರ್ಥ ಇದೆ. ಅಂಗಳ ಸಾರಿಸುವುದು, ಬೆರಣಿ, ಹೆಂಗಸರ ದುಡಿಮೆ, ಪವಿತ್ರ, ರಾಜಕೀಯ, ಎಲ್ಲ ಒಂದೇ ಮುದ್ದೆಯಲ್ಲಿ. ಆಮೇಲಿನ ಒಂದು ಕೃತಿಯಲ್ಲಿ ಉದ್ದುದ್ದ ದಾರವನ್ನು ಸೂಜಿಗಳ ಕಣ್ಣಿನಲ್ಲಿ ಹಾಯಿಸಿ, ಕುಂಕುಮ ಮತ್ತು ಅಂಟು ಹಚ್ಚಿ ಹಗ್ಗ ಮಾಡಿ ಕೋಣೆಯ ತುಂಬ ಇಳಿಬಿಟ್ಟರು. ಹಗ್ಗದ ತುದಿಗೆ ಸೂಜಿಗಳ ಗೊಂಚಲು. ದೂರದಿಂದ ಕರುಳಿನ ಹಾಗೆ ಕಾಣುತ್ತದೆ. ಚಿತ್ರಗಾರರ ಮಾತಿಗೆ ಇದೇ ಉತ್ತರ ಅಂತ ನನಗನಿಸುತ್ತದೆ, ಅಷ್ಟೊಂದು ಕೈಕೆಲಸ ಯಾವ ಎಮ್ಮೆ ಚಿತ್ರದಲ್ಲೂ ಇಲ್ಲ ;)

ಇನ್ನೊಬ್ಬರು ಪುಷ್ಪಮಾಲಾ. ಬೆಂಗಳೂರಿನವರೇ. ಶಿಲ್ಪಿಯಾಗಿದ್ದವರು ತಾವೇ ವೇಷ ಹಾಕಿ ಫೋಟೋಗೆ ನಿಂತರು. 2000ದಿಂದ 2004ರ ತನಕ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಮಾಡಿದ ಸರಣಿಯಲ್ಲಿ ರವಿವರ್ಮನ ಲಕ್ಷ್ಮಿಯಾಗಿ ನಿಂತಿದ್ದಾರೆ. ಪ್ರತಿ ಮನೆಯ ಕ್ಯಾಲೆಂಡರಿನ ಅದೇ ಲಕ್ಷ್ಮಿ. ಮೊದಲು ನಗು ಬರುತ್ತದೆ. ಆಮೇಲೆ, ಈ ಭಂಗಿ, ಈ ಸೀರೆ, ಈ ಮುಖಭಾವವೇ ‘ಭಾರತೀಯ ಹೆಣ್ಣು’ ಅಂತ ಯಾರು ತೀರ್ಮಾನ ಮಾಡಿದರು ಅನ್ನುವ ಪ್ರಶ್ನೆ ಕೂತುಬಿಡುತ್ತದೆ.

ಸಂತೆ ಚಿತ್ರಗಾರ

ತಮ್ಮಾ, ಎಮ್ಮೆಗೆ ಬರಬೇಡ :) ದಾರದ ಕೆಲಸ ಒಪ್ಪಿದೆ. ಸೂಜಿಗೆ ದಾರ ಪೋಣಿಸುವವರ ಬಗ್ಗೆ ನನಗೆ ಗೌರವ ಇದೆ, ಅಮ್ಮ ಟೈಲರಿಂಗ್ ಮಾಡುತ್ತಿದ್ದರು.

ಆದರೆ ಇವೆಲ್ಲ ನೋಡಿದವರು ಯಾರು? ಜರ್ಮನಿಯಲ್ಲಿ ನೋಡುತ್ತಾರೆ. ಸುಲ್ತಾನ್‌ಪಾಳ್ಯದಲ್ಲಿ ಜನ ನೋಡಿದ್ದು ಮೊಸಳೆ. 2015ರಲ್ಲಿ ಬಾದಲ್ ನಂಜುಂಡಸ್ವಾಮಿ ರಸ್ತೆಗುಂಡಿಗೆ ಹಸಿರು ನೀರಿನ ಬಣ್ಣ ಹೊಡೆದು ನಿಜದಂಥ ಮೊಸಳೆ ತಂದು ಬಿಟ್ಟರಲ್ಲ. ಎಂಥ ಮೊಸಳೆ ಸ್ವಾಮಿ ಅದು! ಬೆನ್ನಿನ ಹುರುಪು, ಕಣ್ಣು. ಕೈಕೆಲಸವೂ ಇತ್ತು, ಪೆಟ್ಟೂ ಇತ್ತು. ಪಾಲಿಕೆಯವರು ಓಡಿಬಂದು ಗುಂಡಿ ಮುಚ್ಚಿದರು.

ಕುಂದಾಪ್ರ ಮಾಣಿ

ಅವರದ್ದೇ 2019ರ ಚಂದ್ರಯಾನ ಮರೆತ್ರಾ? ಹೇರೋಹಳ್ಳಿ ಕಡೆ ಗುಂಡಿಬಿದ್ದ ರಸ್ತೆಯಲ್ಲಿ ಗಗನಯಾತ್ರಿ ವೇಷದವನು ನಿಧಾನಕ್ಕೆ ತೇಲಿ ತೇಲಿ ನಡೆಯುತ್ತಾನೆ, ಚಂದ್ರನೇ ಅಂತ ನೋಡ್ತಾ ಇದ್ರೆ ಪಕ್ಕದಲ್ಲಿ ಆಟೊ ಹೋಗುತ್ತದೆ. ನಮ್ಮನೆ ಅಜ್ಜಿಗೂ ಅರ್ಥ ಆಯ್ತು, ಚೀಟಿ ಓದಬೇಕಾಗಿ ಬರಲಿಲ್ಲ.

ಎಂಟನೇ ಮೇನ್

ನಂಜುಂಡಸ್ವಾಮಿ ಕೆಲಸ ನನಗೂ ಇಷ್ಟ. ಆದರೆ ಅದು ಅವಾಂತ್ ಗಾರ್ಡ್ ಅಲ್ಲ. ಅದು ದೂರು ಅರ್ಜಿ. ತುಂಬ ಚೆಂದದ ಅರ್ಜಿ. ಮಾಲೆವಿಚ್ ಇಡೀ ನೋಟವನ್ನೇ ಬದಲಿಸಬೇಕು ಅಂದ. ಇವರು ಡಾಂಬರು ಹಾಕಿ ಅಂದರು. ಗುಂಡಿ ಮುಚ್ಚಿದ ಮೇಲೆ ಪಾಲಿಕೆ ಹಾಗೇ ಇದೆ, ಗುತ್ತಿಗೆದಾರ ಹಾಗೇ ಇದ್ದಾನೆ, ಮುಂದಿನ ಮಳೆಗೆ ಪಕ್ಕದಲ್ಲೇ ಇನ್ನೊಂದು ಗುಂಡಿ.

ಶಾಂತಿನಗರ ಸಂಜೆ

ಸರ್, ನೀವೇ ಹೇಳಿದ ಬ್ಯೂರ್ಗರ್ ಅಳತೆ ಹಾಕಿ ನೋಡಿ. ಕಲೆಯನ್ನು ಬದುಕಿನೊಳಗೆ ಕರಗಿಸಬೇಕು ಅಂತ ತಾನೆ ಅವರು ಹೊರಟಿದ್ದು? ಮೊಸಳೆ ಕರಗಿತು. ಗುಂಡಿಯ ಜೊತೆ ಕೃತಿಯೂ ಮಾಯ. ಹರಾಜಿಗೆ ಹೋಗಲು ವಸ್ತುವೇ ಉಳಿಯಲಿಲ್ಲ. ದ್ಯುಶಾಂಪ್ ಬೋಗುಣಿಗೂ ಆ ಭಾಗ್ಯ ಸಿಗಲಿಲ್ಲ.

ಎಂಟನೇ ಮೇನ್

ಮಾಯವಾಗಿದ್ದು ರಸ್ತೆಯಿಂದ. ಸುದ್ದಿವಾಹಿನಿಗಳಲ್ಲಿ, ಲೈಕುಗಳಲ್ಲಿ ಹಾಗೇ ಇದೆ. ಒಂದು ನೇರ ಪ್ರಶ್ನೆ ಕೇಳುತ್ತೇನೆ. ಗುಂಡಿ ಬಿಟ್ಟು, ಈ ಊರಿನಲ್ಲಿ ಕಲಾವಿದರು ಕಲೆಯ ವ್ಯವಸ್ಥೆಯ ಜೊತೆಗೇ ಜಗಳಕ್ಕೆ ನಿಂತಿದ್ದು ಯಾವಾಗ?

ಡ್ರಾಯಿಂಗ್ ಮೇಷ್ಟ್ರು

ಕಸ್ತೂರಬಾ ರಸ್ತೆ, 2016.

ವೆಂಕಟಪ್ಪ ಕಲಾ ಗ್ಯಾಲರಿ. ಕೆ. ವೆಂಕಟಪ್ಪ ಅಂದರೆ ಮೈಸೂರು ಆಸ್ಥಾನದ ಕಲಾವಿದರು, ಕಲ್ಕತ್ತದಲ್ಲಿ ಅವನೀಂದ್ರನಾಥ ಟ್ಯಾಗೋರರ ಶಿಷ್ಯರು. ನವಿರಾದ ಜಲವರ್ಣ, ಶಿಸ್ತಿನ ಮನುಷ್ಯ. ಅವರನ್ನು ಬಂಡಾಯಗಾರ ಅಂತ ಯಾರೂ ಕರೆಯಲಾರರು. ಆದರೆ ಅವರ ಹೆಸರಿನ ಸರ್ಕಾರಿ ಗ್ಯಾಲರಿ, ಹೆಸರು ದುಡ್ಡು ಎರಡೂ ಇಲ್ಲದ ಹುಡುಗರು ಮೊದಲ ಪ್ರದರ್ಶನ ಇಡುವ ಜಾಗವಾಯಿತು. ವಿಚಿತ್ರವಾದದ್ದನ್ನೂ ಇಡಬಹುದಿತ್ತು, ಯಾಕೆಂದರೆ ಮಾರಾಟದ ಲೆಕ್ಕ ಕೇಳುವ ಮಾಲೀಕ ಇರಲಿಲ್ಲ. ಅದನ್ನು ಒಂದು ಖಾಸಗಿ ಪ್ರತಿಷ್ಠಾನಕ್ಕೆ ನಡೆಸಲು ಕೊಡುವ ಒಪ್ಪಂದ ಹೊರಬಿದ್ದಾಗ ಕಲಾವಿದರು ವೇದಿಕೆ ಕಟ್ಟಿಕೊಂಡು ಬೀದಿಗೆ ಬಂದರು. ಘೋಷಣೆ ಕೂಗಿದ್ದು ಕಡಿಮೆ. ಅಲ್ಲೇ ಚಿತ್ರ ಬರೆದರು, ಹಾಡಿದರು, ಪ್ರದರ್ಶನ ಕಲೆ ಮಾಡಿದರು. ಪ್ರತಿಭಟನೆ ಎಲ್ಲಿ ಮುಗಿದು ಕೃತಿ ಎಲ್ಲಿ ಶುರು ಅಂತ ಗೆರೆ ಎಳೆಯುವುದು ಕಷ್ಟವಿತ್ತು.

ಸಂತೆ ಚಿತ್ರಗಾರ

ಅಲ್ಲಿಗೆ ನಾನೂ ಹೋಗಿದ್ದೆ. ಬೋರ್ಡು, ಪೇಪರು ತಗೊಂಡು ಹೋಗಿ ಬಂದವರ ಮುಖ ಬರೆದುಕೊಟ್ಟೆ. ನನ್ನ ಪಕ್ಕದಲ್ಲಿ ಒಬ್ಬ ಹುಡುಗ ಮೈಗೆಲ್ಲ ಮಣ್ಣು ಬಳಿದುಕೊಂಡು ಅಲುಗಾಡದೆ ನಿಂತಿದ್ದ. ಅದು ಏನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಇಬ್ಬರಿಗೂ ಅಲ್ಲಿನ ಬಾಡಿಗೆ ಎಷ್ಟು ಕಡಿಮೆ ಅಂತ ಗೊತ್ತಿತ್ತು.

ಎಂಟನೇ ಮೇನ್

ಅದು ಹಕ್ಕಿನ ಹೋರಾಟ ಅಲ್ವಾ ಮೇಷ್ಟ್ರೇ? ಬಾಡಿಗೆ, ಜಾಗ, ಒಪ್ಪಂದ. ಕಲೆಯ ಚರ್ಚೆಗೆ ಅದನ್ನು ಯಾಕೆ ತರುತ್ತೀರಿ?

ಡ್ರಾಯಿಂಗ್ ಮೇಷ್ಟ್ರು

ಯಾಕೆಂದರೆ ಈ ಕಥೆ ಶುರುವಾಗಿದ್ದೇ ಜಾಗದ ಜಗಳದಿಂದ. ನಾನು 1863 ಅಂದೆ, ಇನ್ನೂ ಹಿಂದೆ ಹೋಗಿ. 1855ರಲ್ಲಿ ಪ್ಯಾರಿಸ್ಸಿನ ದೊಡ್ಡ ವಸ್ತುಪ್ರದರ್ಶನಕ್ಕೆ ಗುಸ್ತಾವ್ ಕೂರ್ಬೆ ಚಿತ್ರ ಕಳಿಸಿದ. ಕೆಲವನ್ನು ತಗೊಂಡರು, ಅವನ ಅತಿ ದೊಡ್ಡ ಚಿತ್ರಗಳನ್ನು ಬೇಡ ಅಂದರು. ಅವನು ಆ ಪ್ರದರ್ಶನದ ಹತ್ತಿರವೇ ಸ್ವಂತ ಮಂಟಪ ಕಟ್ಟಿಸಿ, ಬಾಗಿಲಲ್ಲಿ ಪ್ರವೇಶ ಶುಲ್ಕ ಇಟ್ಟು, ತನ್ನ ಚಿತ್ರಗಳನ್ನು ತಾನೇ ತೋರಿಸಿದ. ಜನ ಹೆಚ್ಚು ಬರಲಿಲ್ಲ. 1871ರಲ್ಲಿ ಪ್ಯಾರಿಸ್ ಕಮ್ಯೂನ್, ಅಂದರೆ ಊರಿನ ಜನರೇ ಬಂಡೆದ್ದು ಕಟ್ಟಿಕೊಂಡ ಸರ್ಕಾರ, ಎದ್ದಾಗ ಕಲಾವಿದರ ಒಕ್ಕೂಟದ ಮುಂದಾಳು ಅವನೇ. ಮ್ಯೂಸಿಯಂಗಳನ್ನು ಸರ್ಕಾರಿ ಅಧಿಕಾರಿಗಳಲ್ಲ, ಕಲಾವಿದರೇ ನೋಡಿಕೊಳ್ಳಬೇಕು ಅನ್ನುವುದು ಆ ಒಕ್ಕೂಟದ ಬೇಡಿಕೆ. ಕಮ್ಯೂನ್ ಬಿದ್ದಮೇಲೆ ಜೈಲು, ಆಮೇಲೆ ಸ್ವಿಟ್ಜರ್‌ಲೆಂಡಿಗೆ ಓಡಿಹೋಗಿ ಅಲ್ಲೇ ಸತ್ತ. ಅವನ ಚಿತ್ರಗಳಲ್ಲಿ ಇದ್ದದ್ದು ಕಲ್ಲು ಒಡೆಯುವವರು, ಹಳ್ಳಿಯ ಶವಸಂಸ್ಕಾರ. ನೋಡಲು ಏನೂ ವಿಚಿತ್ರ ಇಲ್ಲ, ಚಿತ್ರಗಾರರ ಎಮ್ಮೆಯಷ್ಟೇ ಸಲೀಸು.

ಸಂತೆ ಚಿತ್ರಗಾರ

ಕೂರ್ಬೆ ಎಮ್ಮೆ ಬರೆದಿದ್ದಾನಾ?

ಶಾಂತಿನಗರ ಸಂಜೆ

ಹಸು ಬರೆದಿದ್ದಾನೆ, ಜಿಂಕೆಯಂತೂ ಬೇಕಾದಷ್ಟು.

ಎಂಟನೇ ಮೇನ್

ಸರಿ, ಗೋಡೆ ಯಾರದ್ದು ಅನ್ನುವ ಜಗಳ ಒಪ್ಪಿದೆ. ಮೊಸಳೆ ಬಗ್ಗೆ ನನ್ನ ಮಾತು ಹಾಗೇ ಇದೆ.